ಸಂಗೀತ ತರಗತಿಯಲ್ಲಿ ಮಕ್ಕಳು ಎದ್ದು ನಡೆಯಲಿ

ಮಾನ್ಯ ಸಂಪಾದಕರೇ,

ಪ್ರಾಥಮಿಕ ಶಾಲೆಯ ಸಂಗೀತದ ಅವಧಿಯೆಂದರೆ ಮಕ್ಕಳು ಕೈಕಟ್ಟಿ ಕುಳಿತು, ಶಿಕ್ಷಕರು ಹಾಡಿದ್ದನ್ನು ಒಪ್ಪಿಸುವುದು ಎಂಬ ರೂಢಿ ಬಲವಾಗಿ ಬೇರೂರಿದೆ. ಅಪರೂಪಕ್ಕೆ ಕುಣಿಯಲು ಬಿಟ್ಟರೂ ಅದು ಬೇಸರ ಕಳೆಯುವುದಕ್ಕಷ್ಟೇ. ಹಲವು ವರ್ಷ ಚಿಕ್ಕ ಮಕ್ಕಳಿಗೆ ಹಾಡು ಕಲಿಸಿರುವ ನಾನು ಕೇಳಿಕೊಳ್ಳುವುದು ಬೇರೆಯದೇ: ಅಂದು ಕಲಿಸಬೇಕಾದ ಒಂದು ಅಂಶವನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕ ಚಲನೆಯನ್ನೇ ಮಕ್ಕಳಿಂದ ಮಾಡಿಸಬೇಕು.

1892ರಿಂದ ಜಿನೀವಾದ ಸಂಗೀತ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್-ಡಾಲ್ಕ್ರೋಜ್ ಅವರು, ಬೆರಳು ಪಳಗಿದ ವಿದ್ಯಾರ್ಥಿಗಳೂ ಲಯದಲ್ಲಿ ತಡವರಿಸುವುದನ್ನು ಗಮನಿಸಿ, ನಡಿಗೆಯಂಥ ಸಹಜ ಚಲನೆಗಳಿಂದಲೇ ಲಯಶಿಕ್ಷಣದ ಪದ್ಧತಿಯೊಂದನ್ನು ರೂಪಿಸಿದರು.

ಮೂರು ಮಾತ್ರೆಯ ಹಾಡಿಗೆ ನಾನು ಚೆಂಡು ಕೊಡುತ್ತೇನೆ. ಮೊದಲ ಮಾತ್ರೆಗೆ ನೆಲಕ್ಕೆ ಪುಟಿಸಿ, ಎರಡಕ್ಕೆ ಹಿಡಿದು, ಮೂರಕ್ಕೆ ಪಕ್ಕದವರಿಗೆ ದಾಟಿಸಬೇಕು. ಮೊದಲ ಮಾತ್ರೆಯ ಒತ್ತು ಎಂಥದೆಂದು ಆಮೇಲೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ನಿಜವಾಗಿ ಕಷ್ಟವಾಗುವುದು ವಿಳಂಬದ ನಡಿಗೆ. ಎರಡನೆಯ ತರಗತಿಯ ಬಾಲಕಿಯೊಬ್ಬಳು ಪ್ರತಿ ಸಲವೂ ಹಾಡಿಗಿಂತ ಮೊದಲೇ ಹೆಜ್ಜೆಯೂರಿ, ಮುಂದಿನ ಪೆಟ್ಟಿಗಾಗಿ ಕಾಯುತ್ತಾ ನಿಲ್ಲುತ್ತಿದ್ದಳು. ಮೊಣಕಾಲು ಸಡಿಲಿಸಿ, ಮೈಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರಿಸಲು ಹೇಳಿಕೊಟ್ಟ ಮೇಲೆ ಎರಡು ಪೆಟ್ಟುಗಳ ನಡುವಿನ ಅವಕಾಶ ಅವಳಿಗೆ ಸಿಕ್ಕಿತು. ಹಾಡುವಾಗ ಸ್ವರವನ್ನು ಪೂರ್ತಿ ಹಿಡಿದು ನಿಲ್ಲಿಸಲು ಕಲಿತದ್ದೂ ಆ ಬಳಿಕವೇ. ಹಾಡಿನ ನಡುವಿನ ಮೌನವೂ ಹೀಗೆಯೇ: ಎತ್ತಿದ ಪಾದವನ್ನು ಒಂದು ಮಾತ್ರೆ ಗಾಳಿಯಲ್ಲೇ ತಡೆದ ಮಗು ಆ ಮೌನವನ್ನು ನುಂಗಿಹಾಕುವುದಿಲ್ಲ.

ಶಿಕ್ಷಕರಿಗೂ ಇದರಿಂದ ದೊಡ್ಡ ಉಪಕಾರವಿದೆ. ಸಾಮೂಹಿಕ ಗಾಯನದಲ್ಲಿ ಯಾರು ತಪ್ಪಿದರೆಂದು ತಿಳಿಯುವುದು ಕಷ್ಟ, ಆದರೆ ಹೆಜ್ಜೆ ಕಣ್ಣಿಗೆ ಕಾಣುತ್ತದೆ. ಬಾಯಿಬಿಟ್ಟು ಹಾಡಲು ನಾಚುವ ಮಗುವಿಗೆ ಎಲ್ಲವೂ ಕೇಳಿಸುತ್ತಿದೆ ಎಂಬುದೂ ಅದರ ಕಾಲಿನಿಂದಲೇ ಗೊತ್ತಾಗುತ್ತದೆ.

ಗದ್ದಲವಾಗುತ್ತದೆ ಎಂಬ ಆಕ್ಷೇಪ ನನಗೆ ಹೊಸದಲ್ಲ. ಸಂಗೀತ ನಿಂತೊಡನೆ ನಿಲ್ಲಬೇಕೆಂಬ ನಿಯಮ ಒಂದೇ ಸಾಕು, ಕಿವಿ ತಾನಾಗಿ ಚುರುಕಾಗುತ್ತದೆ. ಜಾಗವಿಲ್ಲದ ಕೋಣೆಯಲ್ಲಿ, ಅಥವಾ ನಡೆಯಲಾಗದ ಮಗುವಿದ್ದಲ್ಲಿ, ಕುಳಿತಲ್ಲೇ ತೋಳು ಬೀಸಿ ಹಾಡಿನ ಸಾಲಿನ ಉದ್ದವನ್ನು ಗಾಳಿಯಲ್ಲಿ ಬರೆಯಿಸಬಹುದು. ಶಿಕ್ಷಕರ ತರಬೇತಿಯಲ್ಲಿ ಇಂಥ ಪಾಠಗಳನ್ನು ಮೊದಲು ಶಿಕ್ಷಕರಿಂದಲೇ ಮಾಡಿಸುವ ವ್ಯವಸ್ಥೆಯಾಗಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಒಬ್ಬ ಸಂಗೀತ ಶಿಕ್ಷಕಿ