ಏಜೆಂಟನ ಹತ್ತಿರ ಹೋಗುವ ಮೊದಲು

ಫ್ರಾಂಕ್‌ಫರ್ಟ್

ಚಿ. ತಮ್ಮನಿಗೆ ಅಕ್ಕನ ಆಶೀರ್ವಾದ. ಅಪ್ಪ, ಅವ್ವನಿಗೆ ನಮಸ್ಕಾರ ತಿಳಿಸು.

ನೀನೂ ಸುಮಾನೂ ಮಕ್ಕಳಿಬ್ಬರನ್ನು ಕರೆದುಕೊಂಡು ಇಲ್ಲಿಗೆ ಬರಲು ಮುಂಬೈಯ ಮಾಟುಂಗಾದ ಕಾಕಾ ಈ ವಾರ ವಿಮಾನದ ಟಿಕೆಟ್ ತೆಗೆಸುತ್ತಾರೆಂದು ನೀನು ಬರೆದಿದ್ದೆ. ಅವರು ಏಜೆಂಟನ ಹತ್ತಿರ ಹೋಗುವ ಮೊದಲು ಇದನ್ನು ಫೋನಿನಲ್ಲಿ ಓದಿ ಹೇಳು. ಆಮೇಲೆ ಬದಲಾಯಿಸಲು ಹೋದರೆ ಪ್ರತಿಯೊಂದಕ್ಕೂ ದುಡ್ಡು.

ಮೊದಲನೆಯದು ಚಿಕ್ಕವನ ವಯಸ್ಸು. ಅವನಿಗೆ ನವೆಂಬರಿನಲ್ಲಿ 2 ತುಂಬುತ್ತದೆ. ಅಕ್ಟೋಬರಿನಲ್ಲಿ ಬರುವಾಗ ವಿಮಾನದವರ ಲೆಕ್ಕದಲ್ಲಿ ಅವನು ಕೂಸು, ಡಿಸೆಂಬರಿನಲ್ಲಿ ತಿರುಗಿ ಹೋಗುವಾಗ ಅಲ್ಲ. ಅವರು ನೋಡುವುದು ಟಿಕೆಟ್ ತೆಗೆಸಿದ ದಿನದ ವಯಸ್ಸನ್ನಲ್ಲ, ಆಯಾ ಪ್ರಯಾಣದ ದಿನದ್ದನ್ನು. ಆದ್ದರಿಂದ ಹೋಗುವಾಗ ಅವನಿಗೆ ಸೀಟು ಬೇಕೇಬೇಕು. ಬರುವಾಗ ತೊಡೆಯ ಮೇಲೆ ಕೂರಿಸಿಕೊಂಡರೆ ದೊಡ್ಡವರ ದರದ ಶೇ. 10ರ ಆಸುಪಾಸಿನಲ್ಲಿ ಮುಗಿಯುತ್ತದೆ ಎಂದು ಏಜೆಂಟ್ ಹೇಳುತ್ತಾನೆ. ಸುಳ್ಳೇನಲ್ಲ. ಆದರೆ ಮುಂಬೈಯಿಂದ ಇಲ್ಲಿಗೆ ಸುಮಾರು 9 ತಾಸು. 12 ಕಿಲೋದ ಮಗು ತೊಡೆಯ ಮೇಲಿದ್ದರೆ ಊಟದ ಟ್ರೇ ಬಿಚ್ಚಲೂ ಜಾಗ ಇರುವುದಿಲ್ಲ. ಎರಡೂ ಕಡೆಗೆ 4 ಸೀಟು ತೆಗೆಸಿ. ಒಂದು ವೇಳೆ ತೊಡೆಯ ಮೇಲೆಯೇ ಎಂದಾದರೆ, ದೊಡ್ಡವರ ಬೆಲ್ಟಿಗೆ ಸಿಕ್ಕಿಸುವ ಸಣ್ಣ ಬೆಲ್ಟನ್ನು ಗಗನಸಖಿಯಿಂದ ಕೇಳಿ ಪಡೆಯಿರಿ. ಇಬ್ಬರನ್ನೂ ಒಂದೇ ಬೆಲ್ಟಿನೊಳಗೆ ಬಿಗಿಯಬಾರದು. ವಿಮಾನ ತಟ್ಟನೆ ನಿಂತರೆ ದೊಡ್ಡವರ ಭಾರವೆಲ್ಲ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಇನ್ನು ಮುಂದಿನ ಸಾಲಿನ ವಿಚಾರ. ಮಕ್ಕಳಿದ್ದಾರೆ ಎಂದ ಕೂಡಲೇ ಎಲ್ಲರೂ ಗೋಡೆಯೆದುರಿನ ಸಾಲನ್ನೇ ಹಿಡಿಯಿರಿ ಎನ್ನುತ್ತಾರೆ. ಕಾಕಾ ಕೂಡ ಹೇಳುತ್ತಾರೆ, ನೋಡು. ಆ ಸಾಲು ತೊಟ್ಟಿಲಿನ ಕೂಸುಗಳಿಗೆ ಒಳ್ಳೆಯದು. ಗೋಡೆಗೆ ಸಿಕ್ಕಿಸುವ ಆ ತೊಟ್ಟಿಲು ಹೆಚ್ಚಿನ ವಿಮಾನಗಳಲ್ಲಿ 10ರಿಂದ 14 ಕಿಲೋ ತಡೆಯುತ್ತದೆ, ಉದ್ದ 75 ಸೆಂ.ಮೀ. ಆಸುಪಾಸು. ನಮ್ಮ ಚಿಕ್ಕವನೇ 85 ಸೆಂ.ಮೀ. ಇದ್ದಾನೆ, ಕಾಲು ಹೊರಗೆ ಬರುತ್ತದೆ. ತೊಟ್ಟಿಲು ಬೇಡವಾದ ಮೇಲೆ ಆ ಸಾಲಿನಲ್ಲಿ ಉಳಿಯುವುದು ತೊಂದರೆಗಳೇ. ಮುಂದೆ ಸೀಟಿಲ್ಲದ್ದರಿಂದ ಟ್ರೇ, ಟಿವಿ ಎರಡನ್ನೂ ಆರ್ಮ್‌ರೆಸ್ಟಿನೊಳಗೆ ಮಡಚಿಟ್ಟಿರುತ್ತಾರೆ. ಹಾಗಾಗಿ ಆರ್ಮ್‌ರೆಸ್ಟ್ ಮೇಲೆ ಏಳುವುದಿಲ್ಲ, ಮಗು ಅಡ್ಡ ಮಲಗಲಾರದು. ಕಾಲ ಬಳಿ ಚೀಲ ಇಡಲೂ ಬಿಡುವುದಿಲ್ಲ. ವಿಮಾನ ಏರುವಾಗ ಇಳಿಯುವಾಗ ಡೈಪರಿನಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲವೂ ತಲೆಯ ಮೇಲಿನ ಕಪಾಟಿನಲ್ಲೇ. ಇಳಿಯುವಾಗಲೇ ಕಿವಿ ಕಟ್ಟಿಕೊಂಡು ಮಗು ಅಳುವುದು, ಆಗಲೇ ನೀರಿನ ಬಾಟಲಿ ಕೈಗೆ ಸಿಗುವುದಿಲ್ಲ!

ಬೇಕಾದದ್ದು ಸಾಮಾನ್ಯ ಸಾಲಿನ ನಡುವಿನ 4 ಸೀಟು. ಬೋಯಿಂಗ್ 777ರ ಒಂದು ಸಾಲಿನಲ್ಲಿ ಸೀಟುಗಳು ಹೆಚ್ಚಾಗಿ 3-4-3 (ನಡುನಡುವೆ ಓಡಾಡುವ ದಾರಿ), ಏರ್‌ಬಸ್ ಎ330ರಲ್ಲಿ 2-4-2. ನಡುವಿನ ಸೀಟುಗಳು ಡಿ, ಇ, ಎಫ್, ಜಿ ಎಂದಿಟ್ಟುಕೊ. ಮಕ್ಕಳು ಇ ಮತ್ತು ಎಫ್, ನೀನೂ ಸುಮಾನೂ ಎರಡು ತುದಿಗೆ. ಅಪರಿಚಿತರು ನಡುವೆ ಬರುವ ಪ್ರಶ್ನೆಯೇ ಇಲ್ಲ, ಶೌಚಾಲಯಕ್ಕೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ದಾರಿಯ ಪಕ್ಕಕ್ಕೆ ಮಕ್ಕಳನ್ನು ಎಂದೂ ಕೂರಿಸಬೇಡಿ. ಊಟದ ಗಾಡಿ ಮೊಣಕೈಗೆ ಬಡಿಯುತ್ತದೆ, ಬಿಸಿ ಚಹಾ ಅವರ ತಲೆಯ ಮೇಲಿನಿಂದಲೇ ಹಾಯುತ್ತದೆ. ಮಲಗಿಸುವಾಗ ಆರ್ಮ್‌ರೆಸ್ಟ್ ಮೂರನ್ನೂ ಎತ್ತಿ. ಒಂದೊಂದು ಸೀಟು ಸುಮಾರು 43ರಿಂದ 45 ಸೆಂ.ಮೀ. ಅಗಲ. ತಲೆ ನಿಮ್ಮ ತೊಡೆಯ ಮೇಲೆ, ಕಾಲು ನಡುವಿಗೆ; ಒಬ್ಬೊಬ್ಬರಿಗೆ 90 ಸೆಂ.ಮೀ. ಸಿಗುತ್ತದೆ. ದೊಡ್ಡವಳು ಸ್ವಲ್ಪ ಮಂಡಿ ಮಡಚಬೇಕಾದೀತು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಹಾಕಿ. ಒಳಗಿದ್ದರೆ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಹೊದಿಕೆ ಎತ್ತಿ ನೋಡುತ್ತಾರೆ, ಮಗು ಎದ್ದರೆ ಮತ್ತೆ ಮಲಗಿಸುವುದು ನಿಮ್ಮ ಪಾಡು.

ಬೋಯಿಂಗ್ 787 ಆದರೆ ಸಾಮಾನ್ಯವಾಗಿ 3-3-3. ಆಗ ಕಿಟಕಿಗೆ ಒಬ್ಬರು, ನಡುವೆ ಇನ್ನೊಬ್ಬರು, ದಾರಿಯ ಪಕ್ಕಕ್ಕೆ ನೀನು, ದಾರಿಯಾಚೆ ಅದೇ ಸಾಲಿನಲ್ಲಿ ಸುಮಾ. ಕಟ್ಟಕಡೆಯ ಸಾಲು ಬೇಡ. ಸೀಟು ಹಿಂದಕ್ಕೆ ವಾಲದಿರಬಹುದು, ಶೌಚಾಲಯದ ಸರತಿ ತಲೆಯ ಮೇಲೇ ನಿಂತಿರುತ್ತದೆ. ರೆಕ್ಕೆಯ ಹತ್ತಿರ ಸಿಕ್ಕರೆ ಕುಲುಕಾಟ ಕಡಿಮೆ.

ಈಗ ಕಾಕಾ ಒತ್ತಿ ಹೇಳಬೇಕಾದ ಮಾತು: ನಾಲ್ವರಿಗೂ ಒಂದೇ ಪಿಎನ್‌ಆರ್. ಅಗ್ಗದ ದರದಲ್ಲಿ ಎರಡೇ ಸೀಟು ಉಳಿದಿದ್ದರೆ ಏಜೆಂಟರು ಎರಡೆರಡಾಗಿ ಒಡೆದು ಬುಕ್ ಮಾಡುವುದುಂಟು. ನಾಲ್ಕು ಕಾಸು ಉಳಿಯುತ್ತದೆ, ಆದರೆ ಕಂಪ್ಯೂಟರಿಗೆ ನೀವು ಎರಡು ಸಂಸಾರ. 12 ವರ್ಷದೊಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಜೊತೆ ಸೀಟು ಕೊಡಬೇಕೆಂದು ವಿಮಾನಯಾನದ ಸರಕಾರಿ ನಿಯಂತ್ರಕರಾದ ಡಿಜಿಸಿಎ 2024ರ ಏಪ್ರಿಲಿನಲ್ಲಿ ನಮ್ಮ ದೇಶದ ವಿಮಾನ ಕಂಪನಿಗಳಿಗೆ ಸೂಚಿಸಿದೆ. ಆದರೆ ಅದು ಒಬ್ಬರು ಜೊತೆಗಿರಬೇಕು ಎನ್ನುತ್ತದೆ ಅಷ್ಟೆ. ಎರಡು ಮಕ್ಕಳನ್ನೂ ಸುಮಾಗೆ ಒಪ್ಪಿಸಿ ನಿನ್ನನ್ನು 12 ಸಾಲು ಹಿಂದೆ ಹಾಕಿದರೂ ನಿಯಮ ಪಾಲಿಸಿದಂತೆಯೇ. ಸೀಟು ಆರಿಸುವ ಶುಲ್ಕ ಕೊಡುವುದೇ ವಾಸಿ.

ದುಡ್ಡು ಕೊಟ್ಟರೂ ಕೆಲಸ ಮುಗಿಯಲಿಲ್ಲ. ವಿಮಾನ ಬದಲಾದರೆ ಆರಿಸಿದ ಸೀಟು ಸದ್ದಿಲ್ಲದೆ ಹೋಗಿಬಿಡುತ್ತದೆ. ತಿಂಗಳ ಮುಂಚೆ, ವಾರದ ಮುಂಚೆ, 3 ದಿನ ಮುಂಚೆ ತೆರೆದು ನೋಡು. ಶುಲ್ಕದ ರಸೀದಿ ಇಟ್ಟುಕೊ. ಟಿಕೆಟ್ ಮಾರಿದ್ದು ಒಂದು ಕಂಪನಿ, ಹಾರಿಸುವುದು ಇನ್ನೊಂದು ಎಂದಾದರೆ ಹಾರಿಸುವವರ ಪಿಎನ್‌ಆರ್ ಬೇರೆ ಕೇಳಿ ಪಡೆದು, ಅವರಲ್ಲೇ ಸೀಟು ಖಾತ್ರಿ ಮಾಡಿಕೊ.

ಕಾರಿನ ಮಕ್ಕಳ ಸೀಟು ತರಬೇಕೇ ಎಂದು ಕೇಳಿದ್ದೆ. ವಿಮಾನದಲ್ಲಿ ಬಳಸಬಹುದೆಂಬ ಚೀಟಿ ಅದರ ಮೇಲೆ ಅಂಟಿಸಿರದಿದ್ದರೆ ಬಿಡುವುದಿಲ್ಲ. ಕಾರಿನಲ್ಲಿ ಮಕ್ಕಳ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ವಿಮಾನದಲ್ಲಿ ಇಲ್ಲ, ಬರೀ ಸೊಂಟದ ಬೆಲ್ಟಿನಿಂದ ಕಟ್ಟುವಂತಿರಬೇಕು. ಕೇರ್ಸ್ ಎಂಬ ಪಟ್ಟಿ ಹಗುರ. ಅದನ್ನು ಸೀಟಿನ ಬೆನ್ನಿಗೆ ಸುತ್ತಿ ಭುಜದ ಮೇಲಿಂದ ಬೆಲ್ಟಿಗೆ ಸೇರಿಸುತ್ತಾರೆ. 10ರಿಂದ 20 ಕಿಲೋ ತೂಕದ, 100 ಸೆಂ.ಮೀ. ಎತ್ತರದೊಳಗಿನ ಮಕ್ಕಳಿಗೆ ಮಾತ್ರ. ಯಾವುದೇ ಇರಲಿ, ಕಂಪನಿಯ ಒಪ್ಪಿಗೆ ಬರಹದಲ್ಲಿ ಕೈಯಲ್ಲಿರಲಿ. ಗಾಳಿ ತುಂಬುವ ಕಾಲುದಿಂಬನ್ನು ಕೆಲವರು ಒಪ್ಪುತ್ತಾರೆ, ಕೆಲವರು ದಾರಿಗೆ ಅಡ್ಡವೆಂದು ತೆಗೆಸುತ್ತಾರೆ. ಸುಮ್ಮನೆ ಕೊಳ್ಳಬೇಡ.

ಇಲ್ಲಿಗೆ ಬರುವ ವಿಮಾನಗಳು ಹೆಚ್ಚಾಗಿ ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 12ನೇ ತಾರೀಖು ರಾತ್ರಿ 1:30 ಎಂದಿದ್ದರೆ ಮುಂಬೈಯ ಸಹಾರ ವಿಮಾನ ನಿಲ್ದಾಣದ 2ನೇ ಟರ್ಮಿನಲ್‌ಗೆ ಮುಟ್ಟಬೇಕಾದದ್ದು 11ರ ರಾತ್ರಿ 10ಕ್ಕೆ. ರೈಲಿಳಿದು ದಾದರಿನಿಂದ ನೇರವಾಗಿ ಹೋಗಬೇಡಿ, ಒಂದು ದಿನ ಕಾಕಾನ ಮನೆಯಲ್ಲಿ ಮಕ್ಕಳು ನಿದ್ದೆ ಮಾಡಲಿ. ಹೊರಡುವಾಗ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಳ್ಳಿ. ಚಟ್ನಿ ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ. ಕೌಂಟರಿನಲ್ಲಿ ಸೂಟ್‌ಕೇಸು ಬೆಲ್ಟಿಗೆ ಹಾಕುವ ಮೊದಲು 4 ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ಸೀಟು ಓದಿ ನೋಡು. ಚದುರಿದ್ದರೆ ಅಲ್ಲೇ ಹೇಳು, ಒಳಗೆ ಹೋದಷ್ಟೂ ಅದು ಕಷ್ಟ. ಒಳಗೇ ಯಾರನ್ನಾದರೂ ಸೀಟು ಬದಲಿಸಿಕೊಳ್ಳಲು ಕೇಳಬೇಕಾದರೆ ದಾರಿ ಪಕ್ಕದ್ದಕ್ಕೆ ದಾರಿ ಪಕ್ಕದ್ದೇ ಕೊಡು. ನಡುವಿನ ಸೀಟು ಕೊಟ್ಟರೆ ಯಾರೂ ಏಳುವುದಿಲ್ಲ, ಅವರ ತಪ್ಪೂ ಅಲ್ಲ.

ಕಾಕಾ ಟಿಕೆಟ್ ತೆಗೆಸಿದ ದಿನವೇ ಪಿಎನ್‌ಆರ್, ವಿಮಾನದ ಮಾದರಿ, 4 ಸೀಟಿನ ನಂಬರು ಕಳಿಸು. ನಾನೂ ಇಲ್ಲಿಂದ ಆಗಾಗ ತೆರೆದು ನೋಡುತ್ತಿರುತ್ತೇನೆ.

ನಿನ್ನ ಅಕ್ಕ