ಕುಚ್ಚಲಕ್ಕಿ ಜೊತೆಗೊಂದು ಕಾಗದ

ಕುಂದಾಪುರ, ಗುರುವಾರ ರಾತ್ರಿ

ಪುಟ್ಟಿ,

ಪಕ್ಕದ ಮನೆಯ ಶೇಖರ ಭಾನುವಾರ ಮಂಗಳೂರಿನಿಂದ ದುಬೈಗೆ ಹೊರಟಿದ್ದಾನೆ. ನಾಲ್ಕು ಕೆ.ಜಿ. ತನಕ ಒಯ್ಯುತ್ತೇನೆ ಅಂದ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಇಟ್ಟಿದ್ದೇನೆ. ಶಾರ್ಜಾದಲ್ಲಿ ಎಲ್ಲ ಸಿಗುತ್ತದೆ ಅಂತ ನೀನು ಹೇಳಿದ್ದೆ. ಸಿಗಲಿ, ಇದು ನಮ್ಮ ಗದ್ದೆಯದ್ದು. ಗಸಗಸೆಯನ್ನೂ ಕಟ್ಟಿದ್ದೆ. ಶೇಖರ ನೋಡಿ ಹೌಹಾರಿ ತೆಗೆಸಿದ. ಅಲ್ಲಿ ಅದಕ್ಕೆ ನಿಷೇಧವಂತೆ, ಸಿಕ್ಕಿಬಿದ್ದರೆ ಜೈಲಂತೆ. ಪಾಯಸದ ಗಸಗಸೆಗೆ!

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮೊನ್ನೆ ಫೋನಿನಲ್ಲಿ ಏನಾಯ್ತು ಅಂತ ನಿನಗೂ ಗೊತ್ತು. ಕಾಗದವಾದರೆ ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ ಅಲ್ವಾ.

"ಪಾಸ್‌ಪೋರ್ಟ್ ಸ್ಕೂಲಿನ ಆಫೀಸಿನಲ್ಲಿದೆ, ಎಲ್ಲರದ್ದೂ ಅಲ್ಲೇ ಇದೆ, ಸುಮ್ನಿರಮ್ಮ" ಅಂದೆ. ನಾನು ಸುಮ್ಮನಿರಲಿಲ್ಲ. ಇಂಥ ಪೆದ್ದಿ ಮಕ್ಕಳಿಗೇನು ಕಲಿಸುತ್ತಾಳೆ ಅಂದುಬಿಟ್ಟೆ. ತಪ್ಪು ನನ್ನದು. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಆದರೆ ರಾಘು ಮಾವನ ಕಥೆ ನಿನಗೆ ಅರ್ಧವೇ ಗೊತ್ತು. 1996ರಲ್ಲಿ ಅಜ್ಜಿ ತೀರಿಕೊಂಡಾಗ ಅವನು ಸೌದಿಯಲ್ಲಿದ್ದ. ಪೇಟೆಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದವಳು ನಾನೇ. "ನಾಳೆಯೇ ಹೊರಡುತ್ತೇನೆ ಅಕ್ಕ" ಅಂದ. ಒಂದು ರಾತ್ರಿ ಹೆಣ ಇಟ್ಟುಕೊಂಡು ಕಾದೆವು. ಅವನ ಪಾಸ್‌ಪೋರ್ಟ್ ಅಂಗಡಿ ಧಣಿಯ ಕಪಾಟಿನಲ್ಲಿತ್ತು. ಧಣಿ ಊರಲ್ಲಿರಲಿಲ್ಲ, ಬೀಗದ ಕೈ ಅವನ ಜೇಬಿನಲ್ಲಿ. ರಾಘು ಬಂದದ್ದು ಉತ್ತರಕ್ರಿಯೆಯ ಬೊಜ್ಜ ಕಳೆದ ಐದನೇ ದಿನಕ್ಕೆ. ಅಂಗಳದಲ್ಲೇ ನಿಂತ, ಒಳಗೆ ಬರಲಿಲ್ಲ. "ಕಪಾಟು ಕಬ್ಬಿಣದ್ದು ಅಕ್ಕ" ಅಂದ. ಅಷ್ಟೇ. ಸೂಟ್‌ಕೇಸಿನಲ್ಲಿ ಅಜ್ಜಿಗೆಂದು ಮೊದಲೇ ಕೊಂಡಿಟ್ಟ ದಪ್ಪ ಕಂಬಳಿ ಇತ್ತು.

ನೀನು ಹೊರಟ ದಿನ ನಾನು ಏರ್‌ಪೋರ್ಟಿಗೆ ಬರಲಿಲ್ಲ. ಸಿಟ್ಟು ಅಂದುಕೊಂಡೆ ನೀನು. ಸಿಟ್ಟೂ ಇತ್ತು ಅನ್ನು. ಆದರೆ ಜಾಸ್ತಿ ಇದ್ದದ್ದು ಆ ಕಪಾಟು.

ಆ ಕಾಲದ ಸೌದಿ ಬೇರೆ, ಈಗಿನ ಶಾರ್ಜಾ ಬೇರೆ, ಗೊತ್ತು. ಶೇಖರನನ್ನು ಕೂರಿಸಿ ಎಲ್ಲ ಕೇಳಿದೆ. ನೌಕರರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೇ ವಿರುದ್ಧವಂತೆ. 2022ರಿಂದ ವೀಸಾ ಸ್ಟಿಕ್ಕರ್ ಕೂಡ ಪಾಸ್‌ಪೋರ್ಟಿಗೆ ಅಂಟಿಸುವುದಿಲ್ಲ, ಎಮಿರೇಟ್ಸ್ ಐಡಿ ಕಾರ್ಡೇ ಸಾಕಂತೆ. ಕಾರ್ಡು ನಿನ್ನ ಕೈಗೆ ಬಂದು ತಿಂಗಳಾಯಿತು. ಮತ್ತೆ ಪಾಸ್‌ಪೋರ್ಟ್ ಸ್ಕೂಲಿನವರಿಗೆ ಯಾಕೆ ಬೇಕು? ನಿನ್ನನ್ನು ನೋಡಲು ಬರೋಣ ಅಂತ ಮಾಡಿಸಿದ ನನ್ನ ಪಾಸ್‌ಪೋರ್ಟ್ ತೆಗೆದು ಓದಿದೆ. ಇದು ಭಾರತ ಸರ್ಕಾರದ ಸೊತ್ತು ಅಂತ ಅದರಲ್ಲೇ ಅಚ್ಚು ಹಾಕಿದ್ದಾರೆ. ಅಂದರೆ ನಿನ್ನದೂ ಅಲ್ಲ, ಸ್ಕೂಲಿನದ್ದಂತೂ ಅಲ್ಲವೇ ಅಲ್ಲ.

ಜಗಳ ಮಾಡಬೇಡ. ಬ್ಯಾಂಕಿನವರು ಕೇಳಿದ್ದಾರೆ ಅಂತಲೋ ಏನೋ ಹೇಳಿ ಮೆತ್ತಗೆ ಕೇಳು. ಕೊಡದಿದ್ದರೆ ಇಮೇಲ್ ಬರೆದು ಕೇಳು, ಕಾಪಿ ಇಟ್ಟುಕೋ. ಅದಕ್ಕೂ ಬಗ್ಗದಿದ್ದರೆ ದುಬೈಯಲ್ಲಿ ನಮ್ಮ ಕಾನ್ಸುಲೇಟ್ ಇದೆ. ರೂಮಿನ ಬಾಡಿಗೆಗೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಬೇಡ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡ, ದಂಡವಂತೆ. ಜೀಬ್ರಾ ಬಿಟ್ಟು ರಸ್ತೆ ದಾಟಬೇಡ. ಆ ಬಿಸಿಲಿಗೆ ನೀರು... ಇದೋ, ಪಾಠ ಶುರು ಮಾಡಿದೆ ನೋಡು. ಮೇಷ್ಟ್ರು ನೀನು, ನಾನಲ್ಲ.

ನೀನು ಕಳಿಸಿದ ವಿಡಿಯೋವನ್ನು ಸಂಘದ ಮೀಟಿಂಗಿನಲ್ಲಿ ಎರಡು ಸಲ ತೋರಿಸಿದೆ. ಕನ್ನಡ ಶಾಲೆಯಲ್ಲಿ ಭಿನ್ನರಾಶಿಗೆ ಅತ್ತವಳು ಅಲ್ಲಿ ನಿಂತು ಅದನ್ನೇ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದೀ! ವಾರಕ್ಕೆ ಮೂರು ದಿನ ರಜೆ ಅಂದರೆ ಮಾತ್ರ ಯಾರೂ ನಂಬಲಿಲ್ಲ. ನಿನ್ನ ಸ್ಕೂಲ್ ಬಸ್ಸು ಬರುವ ಆರು ಗಂಟೆ ನಮಗೆ ಏಳೂವರೆ. ದೋಸೆ ಕಾವಲಿ ಮುಂದೆ ನಿಂತು ಗಡಿಯಾರ ನೋಡುತ್ತೇನೆ. ಬಸ್ಸು ಬಂದಿರಬೇಕು ಅಂದರೆ ಅಪ್ಪ ನಗುತ್ತಾರೆ. ಆಮೇಲೆ ಅವರೂ ನೋಡುತ್ತಾರೆ.

ಏಸಿಯಲ್ಲಿ ಚಳಿ ಅಂದಿದ್ದೆಯಲ್ಲ. ರಾಘು ತಂದ ಕಂಬಳಿಯನ್ನು ಅಟ್ಟದಿಂದ ಇಳಿಸಿದೆ. ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಯಾರೂ ಹೊದ್ದಿಲ್ಲ. ತೂಗಿದರೆ ಎರಡೂವರೆ ಕೆ.ಜಿ. ಅಕ್ಕಿ ಬಿಡಬೇಕಾಗುತ್ತಿತ್ತು. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತು, ವಾಪಸ್ ಅಟ್ಟಕ್ಕೇ ಹಾಕಿದೆ.

ರೂಮಿನ ಹುಡುಗಿಯರಿಗೂ ಹಪ್ಪಳ ಕೊಡು. ಪಾಸ್‌ಪೋರ್ಟ್ ಸಿಕ್ಕಿದ ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಫೋಟೋ ಕಳಿಸು. ರಾಘು ಮಾವನಿಗೂ ಕಳಿಸು.

ನಿನ್ನ ಅಮ್ಮ