ನೊರೆ ಉಂಡೆಗೆ ಮಳೆಗಾಲ ಆಗಿಬರುವುದಿಲ್ಲ

ಕಾರವಾರ
ಜೂನ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಿನ್ನ ಫೋನ್ ಬಂದಾಗ ಆಫೀಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಮಗಳು ಬಾತ್ ಬಾಂಬ್, ಅದೇ ಸ್ನಾನದ ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಏಳುವ ಉಂಡೆ, ಮಾಡಬೇಕು ಅಂತ ಹಟ ಹಿಡಿದಿದ್ದಾಳೆ, ಬಿಡ್ಕಿಬೈಲಿನ ಅಂಗಡಿಯಿಂದ ಸಾಮಾನು ತಂದಿಟ್ಟಾಗಿದೆ, ಈ ಭಾನುವಾರವೇ ಮಾಡುತ್ತೇವೆ ಅಂದೆಯಲ್ಲ. ಅದಕ್ಕೇ ರಾತ್ರಿ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ. ಈ ಭಾನುವಾರ ಮಾಡಬೇಡ ಮಾರಾಯ. ಮಗುವಿಗೆ ಬೇಜಾರಾಗದ ಹಾಗೆ ಬೇರೆ ದಾರಿ ಇದೆ, ಹೇಳುತ್ತೇನೆ. ಉಂಡೆ ಕಟ್ಟುವುದನ್ನು ಮಾತ್ರ ದೀಪಾವಳಿ ಆಚೆಗೆ ಇಟ್ಟುಕೋ.

ಹೋದ ವರ್ಷ ನಾನು ಮಾಡಿದ್ದು ಇದೇ ತಪ್ಪು. ಆಷಾಢದಲ್ಲಿ ನಮ್ಮಮ್ಮ, ಆಯಿ, ನಮ್ಮನೆಗೆ ಬಂದಿದ್ದಳು. ಅವಳ ಒಡೆದ ಹಿಮ್ಮಡಿ ನೀನು ನೋಡಿದ್ದೀಯ. ತೋಟ, ಕೊಟ್ಟಿಗೆ ಅಂತ ಆಯುಷ್ಯವಿಡೀ ಬರಿಗಾಲಲ್ಲಿ ಓಡಾಡಿದ ಕಾಲು. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟು ಕೂತರೆ ಅವಳಿಗೆ ಹಾಯೆನಿಸೀತು, ಅದರಲ್ಲೊಂದು ಬಾತ್ ಬಾಂಬ್ ಹಾಕಿದರೆ ಇನ್ನೂ ಖುಷಿಯಾದೀತು ಅಂತ ಆಸೆಪಟ್ಟೆ. ಹೊರಗೆ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಗೋಡೆ ಬೆವರುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ಅಂಥ ದಿನ ಅಡುಗೆಮನೆ ಕಟ್ಟೆಯ ಮೇಲೆ ಎಲ್ಲ ಹರಡಿಕೊಂಡು ಶುರುಮಾಡಿದೆ.

ಉಂಡೆ ಚೆನ್ನಾಗೇ ಬಂದವು. ತಟ್ಟೆಯಲ್ಲಿ ಸಾಲಾಗಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೊಂದರ ಮೈಮೇಲೂ ನರಹುಲಿ ಎದ್ದ ಹಾಗೆ ಸಣ್ಣ ಸಣ್ಣ ಗುಳ್ಳೆ. ಅಡಿಭಾಗ ಚಪ್ಪಟೆಯಾಗಿ ತಟ್ಟೆಗೆ ಅಂಟಿಕೊಂಡಿತ್ತು. ಬೆರಳಿಂದ ಒತ್ತಿದರೆ ಒದ್ದೆ ಉಪ್ಪಿನ ಹಾಗೆ ಒಳಗೆ ಹೋಗುತ್ತಿತ್ತು. ಪರವಾಗಿಲ್ಲ ಅನ್ನಿಸಿದ ನಾಲ್ಕನ್ನು ಆರಿಸಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಾಗಿ ಒತ್ತಿದೆ. ಅವತ್ತು ಮಧ್ಯರಾತ್ರಿ 'ಟಪ್' ಅಂತ ಸದ್ದು. ಬೆಕ್ಕು ಏನೋ ಬೀಳಿಸಿತು ಅಂತ ಆಯಿ ಎದ್ದು ಹೋಗಿ ಲೈಟ್ ಹಾಕಿದಳು. ಡಬ್ಬಿಯ ಮುಚ್ಚಳ ನೆಲದ ಮೇಲಿತ್ತು. ನಾನು ಗಾಜಿನ ಬಾಟಲಿಗೆ ಹಾಕಿ ತಿರುಪು ಮುಚ್ಚಳ ಬಿಗಿದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಇದನ್ನು ಮಗಳಿಗೆ ಮೊದಲೇ ಹೇಳು: ಹಸಿ ಇರುವ ಉಂಡೆಯನ್ನು ಎಂದೂ ಬಿಗಿಯಾಗಿ ಮುಚ್ಚಿಡಬಾರದು.

ಯಾಕೆ ಹೀಗೆ ಅಂದರೆ, ಬಾತ್ ಬಾಂಬಿನ ಜೀವ ಇರುವುದು ಎರಡೇ ವಸ್ತುವಿನಲ್ಲಿ: ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್. ಒಣಗಿರುವ ತನಕ ಎರಡೂ ಅಕ್ಕಪಕ್ಕ ಸುಮ್ನೆ ಕೂತಿರುತ್ತವೆ. ನೀರು ತಾಗಿತೋ, ಬುಸ್ ಅಂತ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಈನೋ ನೊರೆ ಏಳುವುದೂ ಇದೇ ಲೆಕ್ಕದಲ್ಲಿ. ಬಾತ್ ಬಾಂಬ್ ಹುಟ್ಟಿದ್ದೇ ಅಂಥದೊಂದು ಮಾತ್ರೆಯನ್ನು ನೋಡಿ. ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಎಂಬಾಕೆ, ಆಲ್ಕಾ ಸೆಲ್ಟ್ಜರ್ ಮಾತ್ರೆ ನೀರಲ್ಲಿ ಕರಗುವ ಚಂದ ಕಂಡು, 1989ರಲ್ಲಿ ತನ್ನ ಮನೆಯ ಹಿತ್ತಲ ಶೆಡ್ಡಿನಲ್ಲಿ ಮೊದಲ ಉಂಡೆ ಮಾಡಿದಳು. ಮುಂದೆ ಸೋಪು, ಶಾಂಪೂ ಮಾರುವ ಲಶ್ ಕಂಪನಿ ಕಟ್ಟಿದವರಲ್ಲಿ ಆಕೆಯೂ ಒಬ್ಬಳು.

ನಮ್ಮ ಕಡೆ ತೊಂದರೆ ಏನೆಂದರೆ ನೀರನ್ನು ನಾವು ಹಾಕಬೇಕಾಗಿಯೇ ಇಲ್ಲ. ಮಳೆಗಾಲದ ಗಾಳಿಯಲ್ಲೇ ಬೇಕಾದಷ್ಟಿದೆ. ಇನ್ನೊಂದು ಸಂಗತಿ ನನಗೆ ಆಮೇಲೆ ಗೊತ್ತಾಯಿತು. ಸೋಡಾ ಮತ್ತು ಆಸಿಡ್ ಸೇರಿದಾಗ ಗ್ಯಾಸ್ ಜೊತೆ ಸ್ವಲ್ಪ ನೀರೂ ಹುಟ್ಟುತ್ತದೆ. ಆ ನೀರು ಪಕ್ಕದ ಪುಡಿಗೆ ತಾಗುತ್ತದೆ, ಅಲ್ಲೂ ಶುರುವಾಗುತ್ತದೆ. ಒಂದು ಮೂಲೆಗೆ ತೇವ ಹಿಡಿದರೆ ಸಾಕು, ರಾತ್ರಿ ಕಳೆಯುವುದರೊಳಗೆ ಇಡೀ ಉಂಡೆ ಕೆಟ್ಟಿರುತ್ತದೆ.

ಆಯಿ ಇದನ್ನೆಲ್ಲ ಕೇಳಿ ಒಂದೇ ಮಾತು ಅಂದಳು. "ಹಂಗಾರೆ ಇದೂ ಹಪ್ಪಳದ ಜಾತಿಯದೇ. ಮಳೆಗಾಲದಲ್ಲಿ ಯಾರಾದ್ರೂ ಹಪ್ಪಳ ಹಚ್ತಾರಾ?" ನಾನು ಎಷ್ಟೋ ವಿಡಿಯೋ ನೋಡಿದ್ದೆ. ಯಾವುದರಲ್ಲೂ ಈ ಮಾತು ಇರಲಿಲ್ಲ. ಅವರ ಊರಿನ ಗಾಳಿಯೇ ಬೇರೆ, ಅಲ್ವಾ.

ಉಪ್ಪಿನ ವಿಷಯವೂ ಅಷ್ಟೇ. ವಿಡಿಯೋಗಳಲ್ಲಿ ಎಪ್ಸಮ್ ಉಪ್ಪು ಹಾಕು ಅನ್ನುತ್ತಾರೆ. ನನ್ನ ಹತ್ತಿರ ಇರಲಿಲ್ಲ, ಸಾಣಿಕಟ್ಟಾದ ಹರಳುಪ್ಪು ಕುಟ್ಟಿ ಹಾಕಿದೆ. ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆ ಉಪ್ಪು ಬೇಡ. ಆದರೆ ಸಮುದ್ರದ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಅಂಶ ಉಳಿದಿರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದು ಅದಕ್ಕೇ. ನೀನು ಉಪ್ಪನ್ನೇ ಬಿಟ್ಟುಬಿಡು, ಏನೂ ಕಮ್ಮಿ ಆಗುವುದಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮತ್ತೆ ಮಾಡಿದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಬಿಸಿಲು ಖಡಕ್ಕಾಗಿತ್ತು, ಬೀಸುವ ಗಾಳಿಗೆ ತುಟಿ ಒಡೆಯುತ್ತಿತ್ತು. ಅಂಥ ದಿನವೇ ಬೇಕು. ನನ್ನ ಅಳತೆ ಬರೆದುಕೋ. ಅಡುಗೆ ಸೋಡಾ 200 ಗ್ರಾಂ, ಸಿಟ್ರಿಕ್ ಆಸಿಡ್ 100 ಗ್ರಾಂ, ಕಾರ್ನ್‌ಫ್ಲೋರ್ 100 ಗ್ರಾಂ, ಮುರುಗಲ ತುಪ್ಪ (ಕೋಕಂ ಹಣ್ಣಿನ ಬೀಜದ ಜಿಡ್ಡು) 20 ಗ್ರಾಂ. ಲಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆ ಆಗುತ್ತವೆ. ನಮ್ಮ ಮನೆಗಳಲ್ಲಿ ಬಾತ್ ಟಬ್ ಎಲ್ಲಿದೆ? ಅರ್ಧ ಬಕೆಟ್ ನೀರಿಗೆ ಅಷ್ಟು ಗಾತ್ರ ಧಾರಾಳ. ಲೆಕ್ಕದ ಪ್ರಕಾರ 100 ಗ್ರಾಂ ಆಸಿಡ್‌ಗೆ ಸುಮಾರು 130 ಗ್ರಾಂ ಸೋಡಾ ಸಾಕು. ಜಾಸ್ತಿ ಹಾಕುವುದು ಆಸಿಡ್ ಉಳಿದು ಚರ್ಮ ಉರಿಯದಿರಲಿ ಅಂತ.

ಮುರುಗಲ ತುಪ್ಪದ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಲ್ಲರೂ ತೆಂಗಿನೆಣ್ಣೆ ಹಾಕು ಅನ್ನುತ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ನಿಮ್ಮ ಶಿರಸಿಯ ಚಳಿಗೆ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾದೀತು, ಕಾರವಾರದಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ನೀರೇ. ಅದು ಉಂಡೆಯನ್ನು ಹಿಡಿದಿಡುವುದಿಲ್ಲ, ಜಿಡ್ಡು ಹೊರಗೆ ಬರುತ್ತದೆ. ಮುರುಗಲ ತುಪ್ಪ ಕರಗಲು ಸುಮಾರು 40 ಡಿಗ್ರಿ ಬೇಕು. ಹೊರಗೆ ಎಷ್ಟೇ ಸೆಖೆ ಇದ್ದರೂ ಗಟ್ಟಿ, ಬಿಸಿನೀರಿಗೆ ಬಿದ್ದರೆ ಕರಗುತ್ತದೆ. ನಮ್ಮ ಕರಾವಳಿಯ ಹವೆಗೆ ಇದಕ್ಕಿಂತ ಹೊಂದುವ ಜಿಡ್ಡು ನನಗಂತೂ ಸಿಕ್ಕಿಲ್ಲ. ಆಯಿ ಇವತ್ತಿಗೂ ಮನೆಯಲ್ಲೇ ಮಾಡುತ್ತಾಳೆ. ಬೇಸಿಗೆಯಲ್ಲಿ ಹಣ್ಣಿನ ಬೀಜ ತೊಳೆದು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಆರಿದ ಮೇಲೆ ತೆಗೆದು ಮುಷ್ಟಿಯಲ್ಲಿ ಹಿಡಿದು ಮುದ್ದೆ ಮಾಡಿಡುತ್ತಾಳೆ. ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಅದನ್ನು ದೀಪಕ್ಕೆ ಹಿಡಿದು ಕರಗಿಸಿ ನಮ್ಮ ಕಾಲಿಗೆ ಹಚ್ಚುತ್ತಿದ್ದಳು.

ಮಾಡುವ ಕ್ರಮ ಕಷ್ಟದ್ದಲ್ಲ. ಸೋಡಾ, ಕಾರ್ನ್‌ಫ್ಲೋರ್ ಎರಡನ್ನೂ ಜರಡಿ ಹಿಡಿ. ತುಪ್ಪ ಕರಗಿಸಿ, ಬೆಚ್ಚಗಿರುವಾಗಲೇ ಹಾಕಿ ಅಂಗೈಯಲ್ಲಿ ಉಜ್ಜು. ಆಸಿಡ್ ಹಾಕುವುದು ಕೊನೆಗೆ. ಅದರ ಧೂಳು ಮೂಗಿಗೆ ಹೋದರೆ ಸೀನು ಬರುತ್ತದೆ, ಉರಿಯುತ್ತದೆ. ಮಗಳ ಮೂಗಿಗೆ ಬಟ್ಟೆ ಕಟ್ಟು, ಕೈಗೆ ಗಾಯ ಇದ್ದರೆ ಗ್ಲೌಸ್ ಹಾಕಿಸು. ಆಮೇಲೆ ಹದ ನೋಡು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಪುಡಿಯಾಗಬೇಕು. ರವೆ ಉಂಡೆ ಕಟ್ಟುವಾಗ ನೋಡುವ ಹದವೇ. ನಿಲ್ಲದಿದ್ದರೆ ಬೆರಳ ತುದಿಯನ್ನು ನೀರಿಗೆ ಅದ್ದಿ ಒಮ್ಮೆ ಕೊಡವು, ಅಷ್ಟೇ. ಚಮಚದಲ್ಲಿ ನೀರು ಹಾಕಿದರೆ ಪಾತ್ರೆಯಲ್ಲೇ ಉಬ್ಬಿಬಿಡುತ್ತದೆ. ಕಟ್ಟಿದ ಉಂಡೆ ಒಂದು ಹಗಲು, ಒಂದು ರಾತ್ರಿ ಒಳಗೆ ನೆರಳಿನಲ್ಲಿ ಒಣಗಲಿ. ಬೇಗ ಆಗಲಿ ಅಂತ ಒಲೆಯ ಹತ್ತಿರ ಇಡಬೇಡ. ತುಪ್ಪ ಕರಗುತ್ತದೆ, ಕಾವು ಜಾಸ್ತಿಯಾದರೆ ಅಡುಗೆ ಸೋಡಾ ವಾಷಿಂಗ್ ಸೋಡಾ ಆಗಿಬಿಡುತ್ತದೆ, ಅದು ಚರ್ಮಕ್ಕೆ ಒರಟು.

ಪರಿಮಳಕ್ಕೆ ನಾನು ಹಾಕಿದ್ದು ಒಣಗಿದ ಸುರಗಿ ಹೂ. ಒಣಗಿದರೂ ಪರಿಮಳ ಬಿಡದ ಹೂವು ಅದು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಗೈಯಲ್ಲಿ ಪುಡಿಮಾಡಿ ಉದುರಿಸಿದೆ. ಹಸಿ ಹೂವಿನ ಎಸಳು ಮಾತ್ರ ಹಾಕಬೇಡ, ಅದರಲ್ಲಿರುವ ನೀರೇ ಸಾಕು ಕೆಡಲಿಕ್ಕೆ. ಲವಂಗ, ದಾಲ್ಚಿನ್ನಿ ಎಣ್ಣೆ ಚರ್ಮಕ್ಕೆ ಉರಿ, ಅವೂ ಬೇಡ. ಕೆಂಪು ಬಣ್ಣ ಬರಲಿ ಅಂತ ಒಣ ಮುರುಗಲು ಸಿಪ್ಪೆಯ ಪುಡಿ ಹಾಕಿ ನೋಡಿದೆ. ಸಾರಿಗೆ ಅಷ್ಟು ಚಂದ ಕೆಂಪು ಬಿಡುವ ಸಿಪ್ಪೆ, ಸೋಡಾ ಸೇರಿದಲ್ಲೆಲ್ಲ ಮಾಸಿದ ನೀಲಿಗೆ ತಿರುಗಿತು. ಬಿಳಿ ಉಂಡೆಯೇ ಚಂದ.

ಮೂರನೇ ದಿನ ಸಂಜೆ ಪ್ಲಾಸ್ಟಿಕ್ ಟಬ್ಬಿಗೆ ಹದ ಬಿಸಿನೀರು ತೋಡಿದೆ. ಹಂಡೆಗೆ ನೇರವಾಗಿ ಎಂದೂ ಹಾಕಬೇಡ, ತಾಮ್ರಕ್ಕೂ ಹುಳಿಗೂ ಆಗುವುದಿಲ್ಲ. ಆಯಿ ಬಚ್ಚಲ ಕಟ್ಟೆಯ ಮೇಲೆ ಕೂತು ಸೀರೆ ಎತ್ತಿ ಕಟ್ಟಿ ಕಾಲಿಟ್ಟಳು. ಉಂಡೆಯನ್ನು ಅವಳ ಕೈಗೇ ಕೊಟ್ಟೆ. ಮೊದಲು ಮುಳುಗಿತು, ಆಮೇಲೆ ತಿರುಗುತ್ತಾ ಮೇಲೆ ಬಂತು. ಸುತ್ತ ಬಿಳಿ ನೊರೆ. ಸಣ್ಣ ಗುಳ್ಳೆಗಳು ಅವಳ ಕಾಲ್ಬೆರಳ ಸಂದಿಯಲ್ಲಿ ಸಾಲುಗಟ್ಟಿ ಏಳುತ್ತಿದ್ದವು. "ಕಚಗುಳಿ ಇಡ್ತದೆ" ಅಂದಳು. ಕಾಲು ತೆಗೆಯಲಿಲ್ಲ. ಎರಡು ನಿಮಿಷದಲ್ಲಿ ನೊರೆ ಇಳಿಯಿತು. ನೀರ ಮೇಲೆ ತುಪ್ಪದ ತೆಳುವಾದ ಪದರ, ಸುರಗಿಯ ಚೂರು ಉಳಿಯಿತು. ಆಯಿ ಕತ್ತಲಾಗುವ ತನಕ ಅಲ್ಲೇ ಕೂತಿದ್ದಳು. ಅವಳು ಹಾಗೆ ಕೆಲಸ ಬಿಟ್ಟು ಕೂತಿದ್ದನ್ನು ನಾನು ನೋಡಿದ್ದೇ ಕಮ್ಮಿ. ಅವತ್ತಿನಿಂದ ಅದಕ್ಕೆ 'ನೊರೆ ಉಂಡೆ' ಅಂತಲೇ ಹೆಸರು. ಅದರಿಂದ ಒಡಕು ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ನೆನೆದ ಹಿಮ್ಮಡಿಗೆ ಮುರುಗಲ ತುಪ್ಪ ಹಚ್ಚಿ ಕಾಲುಚೀಲ ಹಾಕಿ ಮಲಗಿಸಿದೆ. ಒಂದು ವಾರದಲ್ಲಿ ಮೆತ್ತಗಾಗಿದ್ದು ಅದರಿಂದ.

ಒಂದು ಮಾತು ಮರೆಯಬೇಡ. ಜಿಡ್ಡಿನ ನೀರು ಚೆಲ್ಲಿದ ಮೇಲೆ ಬಚ್ಚಲು ಭಾರೀ ಜಾರುತ್ತದೆ. ನಿಮ್ಮನೆಯಲ್ಲಿ ಅಜ್ಜಿ ಇದ್ದಾರೆ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದ ಮೇಲೆಯೇ ಅವರು ಒಳಗೆ ಹೋಗಲಿ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಕಾಲಲ್ಲಿ ಗಾಯ ಇರಲಿ, ಇಲ್ಲದಿರಲಿ, ಅವರಿಗೆ ಇದು ಬೇಡ.

ಈಗ ಭಾನುವಾರದ ವಿಷಯ. ಒಂದು ಬಾಟಲಿಯಲ್ಲಿ ಸೋಡಾ ಮತ್ತು ಕಾರ್ನ್‌ಫ್ಲೋರ್ ಬೆರೆಸಿ ಇಡು. ಇನ್ನೊಂದರಲ್ಲಿ ಸಿಟ್ರಿಕ್ ಆಸಿಡ್ ಮಾತ್ರ. ಎರಡೂ ದೂರ ದೂರ ಇರಲಿ. ಸ್ನಾನದ ಹೊತ್ತಿಗೆ ಮಗಳು ಮೊದಲ ಬಾಟಲಿಯಿಂದ ಮೂರು ಚಮಚ ಬಕೆಟ್ಟಿಗೆ ಹಾಕಲಿ, ಆಮೇಲೆ ಎರಡನೆಯದರಿಂದ ಒಂದು ಚಮಚ. ಅದೇ ನೊರೆ, ಅದೇ ಬುಸ್. ಎಷ್ಟು ಮಳೆ ಹೊಯ್ದರೂ ಕೆಡುವುದಿಲ್ಲ, ಯಾಕೆಂದರೆ ಎರಡೂ ಸೇರುವುದೇ ನೀರಿನಲ್ಲಿ. ಬಾಟಲಿಗೆ ಅವಳ ಕೈಯಲ್ಲೇ ಚೀಟಿ ಬರೆಸಿ ಅಂಟಿಸು, ಅಡುಗೆಮನೆಯಲ್ಲಿ ಯಾರೂ ಸಕ್ಕರೆ ಅಂದುಕೊಳ್ಳಬಾರದು.

ದೀಪಾವಳಿ ಮುಗಿಸಿ ಆಯಿಯನ್ನು ನೋಡಲು ಬರುತ್ತೇನೆ. ಬರುವಾಗ ಈ ಬೇಸಿಗೆಯ ಮುರುಗಲ ತುಪ್ಪ ಒಂದು ಮುದ್ದೆ ನಿನಗೂ ತರುತ್ತೇನೆ. ನಿಮ್ಮ ಅಂಗಳದಲ್ಲೇ ಕೂತು ಕಟ್ಟೋಣ. ಸುರಗಿ ನನ್ನ ಹತ್ತಿರ ಖಾಲಿಯಾಗಿದೆ. ದೇವರ ಕೋಣೆಯಲ್ಲಿ ನಿಮ್ಮಮ್ಮ ಪೋಣಿಸಿಟ್ಟ ಒಣ ದಂಡೆ ಇನ್ನೂ ಇದ್ದರೆ ಒಂದನ್ನು ನನಗೆ ಎತ್ತಿಡಲು ಹೇಳು.

ನಿನ್ನ
ಗೆಳೆಯ